ಕಾಕನಿಗೆ ಫ್ಲೆಮಿಂಗೊ ತೋರಿಸಿದ್ದು

ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟ ಯಾವ ಶುಕ್ರವಾರವೂ ನಾನು ಮರ್ಯಾದೆಯಿಂದ ಮನೆಗೆ ವಾಪಸು ಬಂದದ್ದಿಲ್ಲ. ವಾರದ ಉಳಿದ ಆರು ದಿನ ಕುವೈತಿನ ರಾಯ್‌ನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ನಿಂತ ನಾನು ಭಾರೀ ಬುದ್ಧಿವಂತ. ಗಿರಾಕಿ ಬಾಯಿ ತೆರೆಯುವ ಮೊದಲೇ ಯಾವ ಬೇರಿಂಗ್ ಬೇಕೆಂದು ಹೇಳಿಬಿಡುತ್ತೇನೆ. ಮರುಭೂಮಿಗೆ ಹೋಗಿ ಹಕ್ಕಿ ನೋಡಲು ಕೂತರೆ ಮಾತ್ರ ಎಂತಾದರೂ ಒಂದು ಆಗಿಯೇ ಆಗುತ್ತದೆ ಮಾರಾಯ್ರೆ.

ಅದರಲ್ಲೂ ಕಾಕ ನಮ್ಮ ಗಂಡ ಹೆಂಡಿರ ಜೊತೆ ಬಂದ ಆ ಮಾರ್ಚ್ ತಿಂಗಳಿನದ್ದು ಕೇಳುವುದೇ ಬೇಡ. ಕಾಕ ಅಂದರೆ ಖೈತಾನಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಕಿರಾಣಿ ಅಂಗಡಿ ನಡೆಸುತ್ತಿದ್ದ ಉಳ್ಳಾಲದ ಬ್ಯಾರಿ. ಪಾಸ್‌ಪೋರ್ಟನ್ನು ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕೈಗೆ ಕೊಟ್ಟು ಇಪ್ಪತ್ತೆಂಟು ವರ್ಷ ಕುವೈತಿನಲ್ಲಿದ್ದು, ಏಪ್ರಿಲಿನಲ್ಲಿ ಇಲ್ಲಿ ಉಳಿಯುವ ಪರವಾನಗಿಯಾದ ಇಕಾಮಾವನ್ನು ಖಲಾಸ್ ಮಾಡಿ ಖಾಯಂ ಊರಿಗೆ ಹೊರಟಿದ್ದರು. ಆರು ವರ್ಷದ ಮೊಮ್ಮಗಳು ಫೋನಿನಲ್ಲಿ, ಅಜ್ಜಾ, ಅಲ್ಲಿ ಎಂತೆಲ್ಲ ನೋಡಿದ್ದೀರಿ ಎಂದು ಕೇಳಿದಳಂತೆ. ರೂಮಿನಿಂದ ಅಂಗಡಿ, ಅಂಗಡಿಯಿಂದ ರೂಮು, ಅಷ್ಟೇ ಕಾಕ ಕಂಡ ಕುವೈತು. ನಾನು ಹಿಂದೊಮ್ಮೆ ಅಂಗಡಿಯಲ್ಲಿ ನಿಂತು ಕೊಚ್ಚಿಕೊಂಡದ್ದು ನೆನಪಾಗಿ, ಇಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊ ಉಂಟು, ನೋಡಿದ್ದೇನೆ ಎಂದುಬಿಟ್ಟರು.

“ಪೊರ್ಬುಗಳೇ,” ಎಂದರು ನನಗೆ. ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. “ಹೋಗುವ ಮೊದಲು ಅದನ್ನೊಮ್ಮೆ ತೋರಿಸಿಬಿಡಿ. ಮಗುವಿಗೆ ಸುಳ್ಳು ಹೇಳಿದ ಹಾಗೆ ಆಗಬಾರದು.”

ಆಯಿತು ಕಾಕ ಎಂದೆ. ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು ಕಾಕ ನಮ್ಮ ಕಾರು ಹತ್ತಿದರು.

ಅಲುಗಾಡದ ಗಿಡುಗ

ಮೊದಲ ಶುಕ್ರವಾರ ಸಮುದ್ರದ ಕಡೆ ಹೋಗುವ ದಾರಿಯಲ್ಲೇ ದೊಡ್ಡದೊಂದು ಗಿಡುಗ ಕಂಡಿತು. ಕಾರು ನಿಲ್ಲಿಸಿ ಅದರ ಹಿಂದೆ ಬಗ್ಗಿ ಕೂತೆವು. ಮುಕ್ಕಾಲು ಗಂಟೆಯಾದರೂ ಹಕ್ಕಿ ಅಲ್ಲಾಡಲಿಲ್ಲ. ನೋಡಿ ಕಾಕ, ಕಾಡುಹಕ್ಕಿಯ ತಾಳ್ಮೆ ಅಂದರೆ ಇದು ಎಂದು ನಾನು ಪಿಸುಗುಟ್ಟಿ ಪಾಠ ಮಾಡಿದೆ. ಅಷ್ಟರಲ್ಲಿ ಹಿಂದಿನ ಡೇರೆಯಿಂದ ಒಬ್ಬ ಕುವೈತಿ ಹೊರಗೆ ಬಂದ. ಗಿಡುಗದ ಕಾಲಿನ ಹಗ್ಗ ಬಿಚ್ಚಿದ, ಅದನ್ನು ಕೈ ಮೇಲೆ ಕೂರಿಸಿಕೊಂಡ, ನಮ್ಮನ್ನು ಕಾಫಿಗೆ ಕರೆದ.

ಒಳ್ಳೆಯ ಮನುಷ್ಯ. ಖರ್ಜೂರ ಕೊಟ್ಟ, ಕಾಫಿ ಕೊಟ್ಟ. ಗಿಡುಗವೂ ನಮ್ಮ ಜೊತೆ ಕಾರ್ಪೆಟ್ಟಿನ ಮೇಲೆ ಕೂತಿತು. ಬೇಟೆಗೆ ಹೊರದೇಶಕ್ಕೆ ಹೋಗುವಾಗ ಅದೂ ವಿಮಾನದಲ್ಲೇ ಬರುತ್ತದೆ, ಅದಕ್ಕೆ ಬೇರೆಯೇ ಪಾಸ್‌ಪೋರ್ಟ್ ಉಂಟು, ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ ಎಂದ.

ಹೊರಗೆ ಬಂದ ಮೇಲೆ ಕಾಕ ಒಮ್ಮೆ ತಿರುಗಿ ನೋಡಿ, “ಪಾಪ, ಅದರ ಪಾಸ್‌ಪೋರ್ಟೂ ಕಫೀಲನ ಹತ್ತಿರವೇ,” ಎಂದರು.

ಗುಲಾಬಿ ಸಾಲು

ಎರಡನೇ ಶುಕ್ರವಾರ ದೂರದಲ್ಲಿ, ಕೆಸರು ದಂಡೆಯ ಆಚೆ, ಗುಲಾಬಿ ಬಣ್ಣದ ಉದ್ದ ಸಾಲು ಕಂಡಿತು. ಗಾಳಿಗೆ ಮೆಲ್ಲಗೆ ಅತ್ತಿತ್ತ ಆಡುತ್ತಿತ್ತು. ನಾನು ದುರ್ಬೀನನ್ನು ಕಾಕನ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದರು.

“ಪೊರ್ಬುಗಳೇ, ಇದು ನಮ್ಮ ಅಂಗಡಿಯದ್ದು.”

ತಂತಿಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು. ಕಾಕ ಸಾಮಾನು ಹಾಕಿ ಕೊಡುವ ಅದೇ ಗುಲಾಬಿ ತೊಟ್ಟೆ. ನನಗೆ ಎಲ್ಲಿ ಮುಖ ಇಡಬೇಕೋ ಗೊತ್ತಾಗಲಿಲ್ಲ. ಕಾಕ ಬೇಲಿ ಹತ್ತಿರ ಹೋಗಿ ಒಂದೊಂದೇ ಬಿಡಿಸಿ ಮಡಚಿಟ್ಟುಕೊಂಡರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಮಾಧಾನ ಹೇಳುವುದೇ ಅವಳ ಕೆಲಸ. ಹೋಗಲಿ ಬಿಡಿ ಕಾಕ ಎಂದಳು, ನೀವು ನೋಡದ ಕುವೈತನ್ನೆಲ್ಲ ನಿಮ್ಮ ತೊಟ್ಟೆಯಾದರೂ ನೋಡಿತಲ್ಲ.

ಬಾಗಿಲಲ್ಲಿ ಕಾರು

ಮೂರನೇ ವಾರ ಡೇರೆ ಹಾಕಿ ಮರುಭೂಮಿಯಲ್ಲೇ ಉಳಿದೆವು, ಬೆಳಗಾದ ಕೂಡಲೇ ದಂಡೆಗೆ ಹೋಗುವ ಎಂದು. ಬೆಳಿಗ್ಗೆ ಹೊರಡುವಾಗ ನೋಡಿದರೆ ಕಾರಿನ ಅಡಿಯಲ್ಲಿ ಉಡದಂಥ ಮುಳ್ಳುಬಾಲದ ಪ್ರಾಣಿ, ಇಲ್ಲಿಯವರು ದಬ್ ಅನ್ನುವುದು. ಚಕ್ರಕ್ಕೆ ಸಿಕ್ಕಿ ಸತ್ತೀತು, ಕಾರು ಸ್ಟಾರ್ಟ್ ಮಾಡಬಾರದು ಎಂದು ಹೆಂಡತಿ ಕೀ ಕಿತ್ತುಕೊಂಡಳು. ಕಾಕ ಟೊಮೆಟೊ ಹೆಚ್ಚಿ ದೂರದಲ್ಲಿಟ್ಟರು. ಅದು ಬಂದು ತಿಂದು ಪುನಃ ಕಾರಿನ ಅಡಿಗೇ ಹೋಯಿತು. ಹೀಗೆ ಮೂರು ಟೊಮೆಟೊ ಹೋದವು. ಬಿಸಿಲೇರಿತು, ದಂಡೆಗೆ ಹೋಗುವ ಹೊತ್ತು ಮೀರಿತು. ಕಾಕ ಗಡಿಯಾರ ನೋಡುವುದು, ಆಕಾಶ ನೋಡುವುದು. ಅವರಿಗೆ ಉಳಿದದ್ದು ಇನ್ನೊಂದೇ ಶುಕ್ರವಾರ.

ಕೊನೆಗೆ ಕುರಿ ಕಾಯುವ ಮುದುಕನೊಬ್ಬ ಬಂದು ಬಗ್ಗಿ ನೋಡಿದ. ಅದು ಅಡಗಿ ಕೂತದ್ದಲ್ಲ, ನೀವು ಅದರ ಬಿಲದ ಬಾಯಿಯ ಮೇಲೆ ಚಕ್ರ ಇಟ್ಟಿದ್ದೀರಿ, ಪಾಪ ಮನೆಗೆ ಹೋಗಲು ಕಾಯುತ್ತಿದೆ ಎಂದ. ಗೇರು ನ್ಯೂಟ್ರಲ್ ಮಾಡಿ ಮೂವರೂ ಕಾರನ್ನು ಹಿಂದಕ್ಕೆ ನೂಕಿದೆವು. ಕಾಕನ ಮುಖ ಸಪ್ಪಗಾಗಿತ್ತು. ಅಂಗಡಿಯ ಎದುರು ಕಾರು ನಿಲ್ಲಿಸಿದವರ ಜೊತೆ ಇಪ್ಪತ್ತೆಂಟು ವರ್ಷ ಜಗಳವಾಡಿದವರು ಅವರು. ಆ ದಬ್‌ಗೆ ಸಲಾಂ ಹೇಳಿಯೇ ಕಾರು ಹತ್ತಿದರು.

ಗುರುತು

ಕೊನೆಯ ಶುಕ್ರವಾರ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ನೀರು ಇಳಿದ ದಂಡೆಯಲ್ಲಿ ಕಾಕನೇ ಮೊದಲು ನೋಡಿ ನನ್ನ ತೋಳು ಹಿಡಿದರು. ನೂರಾರು ಫ್ಲೆಮಿಂಗೊ. ಈ ಸಲ ಕಾಲಿತ್ತು, ಕೊಕ್ಕಿತ್ತು, ಒಂದೆರಡು ರೆಕ್ಕೆಯನ್ನೂ ಬಿಚ್ಚಿದವು. ನನಗಂತೂ ಪರೀಕ್ಷೆ ಪಾಸಾದಷ್ಟು ಖುಷಿ.

ಕಾಕ ಅಲ್ಲಿಂದಲೇ ಊರಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಮೊಮ್ಮಗಳಿಗೆ ಒಂದೊಂದೇ ವಿವರಿಸಿದರು. ಕಾಲು ಕೋಲಿನ ಹಾಗೆ ಉದ್ದ, ಕೊಕ್ಕು ಕೆಳಗೆ ಬಗ್ಗಿದೆ, ತಲೆಯನ್ನು ತಲೆಕೆಳಗೆ ಮಾಡಿ ತಿನ್ನುತ್ತದೆ, ಎಷ್ಟು ದೂರದಿಂದಲೂ ಗುರುತು ತಪ್ಪುವುದಿಲ್ಲ.

ಹುಡುಗಿ ಎಲ್ಲ ಕೇಳಿದಳು. ಆಮೇಲೆ, “ಅಜ್ಜಾ, ಏರ್‌ಪೋರ್ಟಿನಲ್ಲಿ ನಿಮ್ಮ ಗುರುತು ಹಿಡಿಯುವುದು ಹೇಗೆ?” ಎಂದಳು.

ಕಾಕ ಕಡೆಯ ಸಲ ಊರಿಗೆ ಹೋದಾಗ ಅವಳು ತೊಟ್ಟಿಲಲ್ಲಿದ್ದಳು. ಮನೆಯ ಗೋಡೆಯಲ್ಲಿರುವ ಫೋಟೊದಲ್ಲಿ ಕಾಕನಿಗೆ ಕಪ್ಪು ಮೀಸೆ. ಕಾಕ ತಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿಕೊಂಡು, ಫ್ಲೆಮಿಂಗೊ ವಿವರಿಸಿದ ಅದೇ ಧಾಟಿಯಲ್ಲಿ ಹೇಳಿದರು.

“ಕಾಲು ಗಿಡ್ಡ. ಹೊಟ್ಟೆ ದೊಡ್ಡದು. ತಲೆಯ ಮೇಲೆ ಬಿಳಿ ಟೊಪ್ಪಿ.”

“ಅಂಥವರು ತುಂಬ ಜನ ಬರ್ತಾರಲ್ಲ ಅಜ್ಜಾ.”

ಕಾಕ ಟೊಪ್ಪಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಹೆಂಡತಿ ಅವರ ಕೈಯಿಂದ ಫೋನು ತೆಗೆದುಕೊಂಡಳು.

“ನಿನ್ನನ್ನು ನೋಡಿದ ಕೂಡಲೇ ಯಾರು ಜೋರಾಗಿ ಅಳುತ್ತಾರೋ ಅವರೇ ನಿನ್ನ ಅಜ್ಜ, ಮಗಳೇ. ಈಗಲೇ ಇಲ್ಲಿ ಪ್ರಾಕ್ಟೀಸ್ ಶುರು ಮಾಡಿದ್ದಾರೆ.”