ಮೆಲ್ಬರ್ನಿನಲ್ಲಿ ಗಟ್ಟಿಮೇಳ

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಮೀಟಿಂಗಿನಲ್ಲಿ ಕಾಲು ಅಲ್ಲಾಡುತ್ತದೆ, ರೈಲಿನಲ್ಲಿ ಬೆರಳು ಕುಣಿಯುತ್ತದೆ, ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ತಾಳ ಶುರುವಾಗುತ್ತದೆ. "ಒಂದ ಕಡೆ ಸುಮ್ನ ಕೂಡ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೇತಿ" ಎಂದು ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಸವಿತಾ ಮದುವೆಯಾದಂದಿನಿಂದ ಗದರಿಸುತ್ತಿದ್ದಾಳೆ. ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನಮ್ಮ ಪುಟ್ಟ ಅಪಾರ್ಟ್‌ಮೆಂಟಿಗೆ ಇಂಥ ಚಡಪಡಿಕೆಯ ಗಂಡನೇ ಹೆಚ್ಚು. ಅದರ ಮೇಲೆ ನಾನು ಸ್ಯಾಕ್ಸೋಫೋನ್ ಬೇರೆ ಇಟ್ಟುಕೊಂಡಿದ್ದೇನೆ.

ನಾನು ಉಡುಪಿ ಕಡೆಯವನು. ನಮ್ಮಲ್ಲಿ ಸ್ಯಾಕ್ಸೋಫೋನ್ ಎಂದರೆ ಮದುವೆಯ ವಾದ್ಯ, ದೇವಸ್ಥಾನದ ವಾದ್ಯ. ಅದು ಹೊರದೇಶದ್ದು ಎಂದು ನನಗೆ ತಿಳಿದದ್ದೇ ಕಾಲೇಜಿಗೆ ಬಂದ ಮೇಲೆ. ಹೈಸ್ಕೂಲಿನಲ್ಲಿದ್ದಾಗ ಒಬ್ಬ ಮೇಷ್ಟ್ರ ಬಳಿ ಕಲಿತು, ಅವರ ಹಿಂದೆ ಕೂತು ನಾಲ್ಕಾರು ಮದುವೆಗಳಲ್ಲಿ ಊದಿದ್ದೂ ಉಂಟು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈ ಎತ್ತಿ ಅಲ್ಲಾಡಿಸುತ್ತಾರೆ: ಗಟ್ಟಿಮೇಳ! ಯಾರದೋ ಸೀನು, ಯಾರದೋ ಕೆಟ್ಟ ಮಾತು ವಧೂವರರ ಕಿವಿಗೆ ಬೀಳಬಾರದಲ್ಲ, ಅದಕ್ಕೆ ಇದ್ದಬದ್ದ ಉಸಿರನ್ನೆಲ್ಲ ಊದಬೇಕು. "ಸ್ವರ ತಪ್ಪಿದ್ರೆ ಅಡ್ಡಿಲ್ಲ ಮಾರಾಯ, ನಿಲ್ಲಿಸ್ಬೇಡ" ಎನ್ನುತ್ತಿದ್ದರು ಮೇಷ್ಟ್ರು. ನಾನು ಚೆನ್ನಾಗಿ ಕಲಿತ ಪಾಠ ಅದೊಂದೇ.

ಹೀಗಿರುವಾಗ ಸಿಡ್ನಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ರೆಕಾರ್ಡು ಸಿಕ್ಕಿತು. ಹಳೆಯ ರಾಕ್ ಅಂಡ್ ರೋಲ್, ಆದರೆ ಹಾಡುವವರೇ ಇಲ್ಲ. ಹಾಡುವ ಕೆಲಸವನ್ನೂ ಸ್ಯಾಕ್ಸೋಫೋನೇ ವಹಿಸಿಕೊಂಡಿದೆ. ಗೊಗ್ಗರು ದನಿಯಲ್ಲಿ ಕೂಗುತ್ತದೆ, ಕೆಣಕುತ್ತದೆ, ಒಂದೇ ಸ್ವರ ಹಿಡಿದುಕೊಂಡು ಹಟ ಮಾಡುತ್ತದೆ. ನನ್ನ ಹಾಗೆ ಅದಕ್ಕೂ ಸುಮ್ಮನಿರಲು ಬರುವುದಿಲ್ಲ ಎಂದು ಖುಷಿಯಾಯಿತು. ಕವರು ತಿರುಗಿಸಿ ನೋಡಿದರೆ ಗಿಟಾರಿನವನ ಹೆಸರಿದೆ, ಫೋಟೋ ತೆಗೆದವನ ಹೆಸರಿದೆ, ಊದಿದವನ ಹೆಸರು ಮಾತ್ರ ಇಲ್ಲ. ನನಗೆ ಸಿಟ್ಟು ಬಂತು. ಅಂಥವೇ ರೆಕಾರ್ಡುಗಳನ್ನು ಹುಡುಕಿ ತಂದೆ. ಹೆಚ್ಚಿನವುಗಳದ್ದು ಅದೇ ಕಥೆ. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಈ ಅನ್ಯಾಯವನ್ನೂ ಬಡಿಸತೊಡಗಿದೆ. ಬರುವವರು ಕಡಿಮೆಯಾದರು.

ಅದೇ ಅಂಗಡಿಯಲ್ಲಿ ಪರಿಚಯವಾದವನು ಕೆನ್. ರಿಟೈರ್ ಆದ ಪ್ಲಂಬರ್, ಗಿಟಾರ್ ಬಾರಿಸುತ್ತಾನೆ, ಇಂಥದೇ ಸಂಗೀತದ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾನೆ. ಅವರ ಸ್ಯಾಕ್ಸೋಫೋನಿನವನಿಗೆ ಮಂಡಿ ಆಪರೇಷನ್ ಆಗಿತ್ತು. ಮೆಲ್ಬರ್ನಿನಲ್ಲಿ ಒಂದು ಡ್ಯಾನ್ಸ್ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಅವನ ಜಾಗಕ್ಕೆ ಕೆನ್ ನನ್ನನ್ನು ಕರೆದ. ನಾನು ಕೇಳಿದ್ದು ಒಂದೇ: ಮೈಕಿನಲ್ಲಿ ನನ್ನ ಹೆಸರು ಹೇಳಬೇಕು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರದೂ ಹೇಳುತ್ತೇನೆ ಎಂದು ಕೆನ್ ಮಾತು ಕೊಟ್ಟ. ಗೋಪಾಲಕೃಷ್ಣ ಎನ್ನುವುದನ್ನು ಅವನ ಬಾಯಿಗೆ ಕೂರಿಸಲು ನಾನು ಪಟ್ಟ ಪಾಡು ರಿಹರ್ಸಲಿಗಿಂತ ಹೆಚ್ಚು. ಹೆಸರಿಲ್ಲದ ಅಷ್ಟೂ ಜನರ ಪರವಾಗಿ ಒಬ್ಬನ ಹೆಸರಾದರೂ ಕೇಳಿಸಲಿ ಎಂಬ ಉದಾತ್ತ ಆಸೆ. ಆ ಒಬ್ಬ ನಾನೇ ಆಗಿದ್ದುದು ಕಾಕತಾಳೀಯ. ನಾರ್ವೆಸ್ಟ್‌ನಲ್ಲಿರುವ ನನ್ನ ಆಫೀಸಿನ ಕಾರ್ ಪಾರ್ಕಿನಲ್ಲಿ, ಕಾರಿನ ಗಾಜು ಏರಿಸಿಕೊಂಡು ದಿನಾ ಅಭ್ಯಾಸ ಮಾಡಿದೆ.

ಕಾರ್ಯಕ್ರಮದ ಮಧ್ಯಾಹ್ನ ಕೆನ್ ಹೇಳಿದ: "ಕೊನೆಯ ಹಾಡಿನಲ್ಲಿ ನನ್ನ ಕೈ ಮೇಲೆ ಕಣ್ಣಿಡು." ಏಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೈ ಎತ್ತುವುದಕ್ಕೆ ಎರಡು ಅರ್ಥ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಯದು ಬಂತು. ಅಜ್ಜ ಅಜ್ಜಿಯರು ಕುಣಿದು ಕೆಂಪಾಗಿದ್ದರು. ಕೆನ್ ಕೈ ಎತ್ತಿ ಅಲ್ಲಾಡಿಸಿದ. ನನ್ನ ಮೈಯೊಳಗಿನ ಮೇಷ್ಟ್ರು ಎದ್ದು ಕೂತರು. ಕಣ್ಣು ಮುಚ್ಚಿ ಊದಿದೆ ನೋಡಿ! ಡ್ರಮ್ ನಿಂತಿತು, ಗಿಟಾರ್ ನಿಂತಿತು, ನನಗೆ ಅದರ ಪರಿವೆಯಿಲ್ಲ. ಒಮ್ಮೆ ಕಣ್ಣು ಬಿಟ್ಟಾಗ ಕೆನ್ ಗಾಬರಿಯಿಂದ ಎರಡೂ ಕೈ ಆಡಿಸುತ್ತಿದ್ದ. ಪುರೋಹಿತರು ಎರಡೂ ಕೈ ಆಡಿಸಿದರೆ ಇನ್ನೂ ಗಟ್ಟಿ ಎಂದರ್ಥ. ಊದಿದೆ. ಕೂತಿದ್ದ ಜನ ಎದ್ದು ಮತ್ತೆ ಕುಣಿಯತೊಡಗಿದರು. ಕೊನೆಗೆ ಹಾಲ್ ನೋಡಿಕೊಳ್ಳುವ ಹೆಂಗಸು ಬಂದು ದೀಪಗಳನ್ನೆಲ್ಲ ಹಾಕಿದಳು. ಮುಂದಿನ ಬುಕಿಂಗಿನವರು ಬಲೂನು, ಬರ್ತ್‌ಡೇ ಕೇಕು ಹಿಡಿದು ಬಾಗಿಲಲ್ಲಿ ಕಾದಿದ್ದರು. ಮೈಕು ಆಫ್ ಆಯಿತು. ಕೆನ್ ಬೆನ್ನು ತಟ್ಟಿ, "ಹೆಸರು ಹೇಳುವ ಟೈಮನ್ನೂ ನೀನೇ ಊದಿಬಿಟ್ಟೆಯಲ್ಲಪ್ಪಾ" ಎಂದು ನಕ್ಕ.

ಮರುದಿನ, ನನ್ನ ಜೊತೆ ಬಂದಿದ್ದ ಸವಿತಾಳನ್ನು ಕೂರಿಸಿಕೊಂಡು ಸಿಡ್ನಿಗೆ ಹೊರಟ ಕಾರಿನಲ್ಲಿ ನನ್ನ ಗೊಣಗಾಟ ನಿಲ್ಲಲಿಲ್ಲ. ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತಾ, "ಇಷ್ಟು ಊದಿದವನ ಹೆಸರು ಒಬ್ಬರಿಗೂ ಗೊತ್ತಾಗಲಿಲ್ಲ, ಎಂಥಾ ಜನ!" ಎಂದೆ. ದಾರಿಯಲ್ಲಿ ಒಂದೊಂದು ಊರು ದಾಟಿದಾಗಲೂ ಅದನ್ನೇ ಹೇಳಿದೆ.

ಸವಿತಾ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಲ್ರೀ, ನಮ್ಮ ಮದುವ್ಯಾಗ ನೀವು ಹಟಾ ಮಾಡಿ ಉಡುಪಿಯಿಂದ ಹುಬ್ಬಳ್ಳಿಗೆ ಸ್ಯಾಕ್ಸೋಫೋನಿನವರನ್ನ ಕರಸಿದ್ರಲ್ಲ, ಅವರ ಹೆಸರೇನು?"

ನಾನು ಹಿಂದಿನ ಕನ್ನಡಿ ನೋಡಿದೆ. ಸ್ಪೀಡು ನೋಡಿದೆ. ಕಾಂಗರೂಗಳಿವೆ ಎಚ್ಚರಿಕೆ ಎಂಬ ಬೋರ್ಡು ಬಂತು, ಅದನ್ನೂ ಗಮನವಿಟ್ಟು ಓದಿದೆ. ಹೆಸರು ಹೋಗಲಿ, ಆ ಪುಣ್ಯಾತ್ಮ ಅಂದು ಊಟ ಮಾಡಿದನೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಬೆರಳು ತಾನಾಗಿ ನಿಂತಿತು.

ಎಷ್ಟೋ ದೂರ ಹೋದ ಮೇಲೆ ಸವಿತಾ ನನ್ನತ್ತ ತಿರುಗಿ ನೋಡಿದಳು.

"ಅಂತೂ ನಿಮಗ ಸುಮ್ನ ಕೂಡೂದು ಬಂತ ನೋಡ್ರಿ" ಎಂದಳು.