ಲೈಲ್‌ನ ಮೂರನೆಯ ಅಂಗಿ

ಲೈಲ್‌ಗೆ ಮಾವನ ಮನೆಯ ಊಟವೆಂದರೆ ಪ್ರಾಣ, ಆದರೆ ಊಟದ ಕೋಣೆಯ ಗೋಡೆ ಕಂಡರೆ ಆಗದು. ಓಝಾರ್ಕ್ ಗುಡ್ಡಗಳ ಆ ಮನೆಯಲ್ಲಿ, ಟರ್ಕಿ ಎಂಬ ದೊಡ್ಡ ಕಾಡುಕೋಳಿಯ ಹುಂಜಕ್ಕೆ ಗುರಿಯಿಟ್ಟು ತಪ್ಪಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಪದ್ಧತಿ. ಲೈಲ್‌ನವು ಆಗಲೇ ಎರಡು ನೇತಾಡುತ್ತಿದ್ದವು. ಹೆಂಡತಿ ನೋರೀನಳದು ಒಂದೂ ಇರಲಿಲ್ಲ. (ಗುರಿ ನೋಡಲು ಅವಳ ಕೋವಿಯ ತುದಿಯಲ್ಲಿರುವುದು ಅಜ್ಜನ ಕಾಲದ ಹಿತ್ತಾಳೆ ಮಣಿಯೊಂದೇ.) ಮೂರನೆಯದೂ ಹೋದರೆ ನೆಂಟರೆದುರು ತಲೆಯೆತ್ತುವುದು ಹೇಗೆಂದು ಅವನಿಗೆ ನಿಜವಾಗಿಯೂ ದಿಗಿಲಾಗಿತ್ತು.

ತಪ್ಪು ತನ್ನದಲ್ಲ, ಕೋವಿಯದು ಎಂಬ ಜ್ಞಾನೋದಯ ಈ ವಸಂತದಲ್ಲಾಯಿತು. ತನ್ನ ಕೋವಿಯ ಮಣಿ ಕಿತ್ತು, ಗುರಿಗೆ ಕೆಂಪು ಚುಕ್ಕೆ ಕಾಣುವ ಗಾಜು ಕೂರಿಸಿದ. ತೋಟೆಯೊಳಗಿನ ಸಣ್ಣ ಚರೆಗಳು ಹರಡದೆ ಒಟ್ಟಿಗೇ ಹೋಗಲೆಂದು ನಳಿಗೆಯ ಬಾಯಿಗೆ ಚೋಕ್ ಎಂಬ ಇಕ್ಕಟ್ಟಾದ ತಿರುಪುಕೊಳವೆ ಹಾಕಿದ. ನಲವತ್ತು ಹೆಜ್ಜೆಯಾಚೆ ಬೇಲಿಗೆ ಕಾಗದ ಸಿಕ್ಕಿಸಿ ಹೊಡೆದ, ಓಡಿಹೋಗಿ ನೋಡಿದ, ಗಾಜಿನ ತಿರುಪು ತಿರುಗಿಸಿ ಮತ್ತೆ ಹೊಡೆದ. ಎಡಕ್ಕೇಕೆ ಹೋಗುತ್ತದೆ, ಇನ್ನೂ ಇಕ್ಕಟ್ಟಾದ ಚೋಕ್ ಹಾಕಿದರೆ ಏನಾದೀತು ಎಂಬ ಕುತೂಹಲದಲ್ಲಿ ಊಟವೂ ರುಚಿಸದಾಯಿತು. ಅಡುಗೆಮನೆಯ ಕಾಗದವೆಲ್ಲ ಮುಗಿದಾಗ ನೋರೀನ್ ಹೊರಗೆ ಬಂದಳು.

“ಬಿಸ್ಕತ್ತಿನ ತಟ್ಟೆಗೆ ಹಾಸೋಕೆ ಒಂದು ತುಂಡು ಕಾಗದಾನಾದ್ರೂ ಉಳಿಸಿದ್ದೀಯಾ?”

“ಇಲ್ನೋಡು. ನಲವತ್ತು ಹೆಜ್ಜೆಗೆ ಒಂದು ಚರೆನೂ ತಟ್ಟೆಯಗಲ ದಾಟಿಲ್ಲ.”

“ಅಲ್ಲೇ ನಿಂತ್ಕೋತೀನಿ ಅಂತ ಹುಂಜ ಹೇಳಿ ಕಳಿಸಿದೆಯಾ?”

“ಹತ್ರ ಬಂದ್ರೆ ಇನ್ನೂ ಸುಲಭ ಅಲ್ವಾ?”

ಹಾಗಲ್ಲವೆಂದು ನೋರೀನ್‌ಗೆ ಗೊತ್ತಿತ್ತು, ಆದರೂ ಏನಾಗುತ್ತದೋ ನೋಡಿಯೇಬಿಡೋಣ ಎಂಬ ಕುತೂಹಲ ಅವಳಿಗೂ ಹತ್ತಿತು. ಭಾನುವಾರ ತಾನೂ ಜೊತೆಗೆ ಬರುತ್ತೇನೆಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಓಕ್ ಮರಕ್ಕೊರಗಿ ಕೂತರು. ಎದುರಿಗೆ ಹುಂಜವನ್ನು ಸೆಳೆಯಲು ಇಟ್ಟ ಪ್ಲಾಸ್ಟಿಕ್ಕಿನ ಹೆಣ್ಣು ಟರ್ಕಿ. ನೋರೀನ್ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೆಣ್ಣು ಟರ್ಕಿಯಂತೆ ಕೂಗಿಸಿದಳು. ಹುಂಜ ಗುಡ್ಡದಿಂದ ಉತ್ತರ ಕೊಟ್ಟು, ಬಾಲ ಬಿಚ್ಚಿಕೊಂಡು, ಮದುಮಗನ ಠೀವಿಯಲ್ಲಿ ಇಳಿಯಿತು. ನಲವತ್ತು ಹೆಜ್ಜೆ ದಾಟಿತು. ನೇರ ಬಂದು ಪ್ಲಾಸ್ಟಿಕ್ ವಧುವಿನ ಪಕ್ಕ, ಲೈಲ್‌ನ ಮೂಗಿನೆದುರೇ ನಿಂತಿತು. ಅವನು ಗಡಿಬಿಡಿಯಲ್ಲಿ ಕೋವಿ ಎತ್ತಿದ, ಕೆಂಪು ಚುಕ್ಕೆ ಒಂದಿಷ್ಟು ಪಕ್ಕಕ್ಕೆ ಸರಿಯಿತು, ಕೋವಿ ಢಂ ಎಂದಿತು. ಅಷ್ಟು ಹತ್ತಿರದಲ್ಲಿ ಹರಡಲು ಜಾಗವಿಲ್ಲದ ಚರೆಗಳು ಒಂದೇ ಮುಷ್ಟಿಯಾಗಿ ಹೋಗಿ ವಧುವಿನ ತಲೆ ಹಾರಿಸಿದವು. ಹುಂಜ ಒಂದು ಕ್ಷಣ ಅವಳನ್ನು ನೋಡಿ, ಮದುವೆಯ ವಿಚಾರ ಬಿಟ್ಟು ಕಾಲಿಗೆ ಬುದ್ಧಿ ಹೇಳಿತು.

“ನೀನು ಅಷ್ಟು ಚೆನ್ನಾಗಿ ಕರೀಬಾರದಿತ್ತು,” ಎಂದ ಲೈಲ್.

“ಅರ್ಧ ದಾರಿಗೆ ಮಾತ್ರ ಕರೆಯೋದು ನಂಗೆ ಬರಲ್ಲಪ್ಪ.”

ಮಧ್ಯಾಹ್ನ ಮಾವ ಆರ್ವಿಲ್ ನೆಂಟರೆದುರು ಅವನ ಅಂಗಿಯ ಹಿಂದಿನ ತುದಿ ಕತ್ತರಿಸಿ ಹೆಸರು ಬರೆದರು. ಲೈಲ್‌ಗೆ ತಡೆಯಲಾಗಲಿಲ್ಲ.

“ಮಾವ, ಮೊಳೆ ಹೊಡೆಯೋ ಮುಂಚೆ ಅದನ್ನ ಬೇಲಿಗೆ ಕಟ್ಟಿ, ನನ್ನ ಕೋವಿ ಎಂಥದು ಅಂತ ತೋರಿಸ್ತೀನಿ.”

ಎಲ್ಲರೂ ಊಟ ಬಿಟ್ಟು ಹಿತ್ತಲಿಗೆ ಬಂದರು. ಲೈಲ್ ನಲವತ್ತು ಹೆಜ್ಜೆ ಅಳೆದು, ಚುಕ್ಕೆ ಇಟ್ಟು ಹೊಡೆದ. ಬಟ್ಟೆಯ ನಟ್ಟನಡುವೆ ಹೆಸರಿದ್ದ ಜಾಗವೇ ಮಾಯವಾಗಿತ್ತು. ಅವನ ಎದೆ ಉಬ್ಬಿತು.

ಆರ್ವಿಲ್ ಜಾಲರಿಯಾದ ಬಟ್ಟೆಯನ್ನು ಬೆಳಕಿಗೆ ಹಿಡಿದರು. “ಕೋವೀಲಿ ಏನೂ ಐಬಿಲ್ಲ ಮಗಾ. ಹುಂಜಕ್ಕೆ ನಿನ್ನ ಅಂಗಿ ತೊಡಿಸಬೇಕಿತ್ತು, ಅಷ್ಟೆ.”

“ಹರಿದಿದ್ದನ್ನ ಗೋಡೆಗೆ ಹಾಕೋಕಾಗಲ್ಲ ಅಪ್ಪ,” ಎಂದು ನೋರೀನ್ ಕತ್ತರಿ ತೆಗೆದುಕೊಂಡಳು. “ಲೈಲ್, ಅಂಗಿಗೆ ಮುಂದೆನೂ ತುದಿ ಇದೆಯಲ್ಲ, ಈ ಕಡೆ ತಿರುಗು.”