ಸ್ವಂತ ಗಂಡನಿಗೆ ರಿಜಿಸ್ಟರ್ ನೋಟೀಸು

ಡೆಲ್ಮರ್: ಮೂವತ್ತೆಂಟು ವರ್ಷದಿಂದ ಎದುರುಬದುರು ಕೂತು ಊಟ ಮಾಡ್ತಿದ್ದೀವಿ. ಬಾಯಲ್ಲಿ ಹೇಳಬಾರದಿತ್ತೇನೇ? ರಿಜಿಸ್ಟರ್ ಅಂಚೆಲಿ ಕಳಿಸ್ಬೇಕಿತ್ತಾ?

ಆರ್ಡಿಸ್: ಬಾಯಲ್ಲಿ ಹೇಳಿದ್ರೆ ಕಾನೂನು ಒಪ್ಪಲ್ಲ. ಹೊಲ ಬಿಡಿಸ್ಬೇಕಂದ್ರೆ ಸೆಪ್ಟೆಂಬರ್ ಒಂದರೊಳಗೆ ಬರೆದೇ ಕೊಡ್ಬೇಕು. ಇಲ್ದಿದ್ರೆ ಇನ್ನೊಂದು ವರ್ಷ ನೀನೇ ಗೇಣಿದಾರ.

ಡೆಲ್ಮರ್: ಗೇಣಿದಾರ! ನಾನು ನಿನ್ನ ಗಂಡ!

ಆರ್ಡಿಸ್: ಅದಕ್ಕೆ ನೋಟೀಸು ಕೊಟ್ಟಿಲ್ವಲ್ಲ, ಹೊಲಕ್ಕೆ ಮಾತ್ರ ಕೊಟ್ಟಿದ್ದೀನಿ. ಅಪ್ಪ ಕೊಟ್ಟ ಎಂಬತ್ತೆಕರೆ. ನನ್ನ ಹೆಸರಲ್ಲಿದೆ.

ಈ ನೋಟೀಸು ತಂದ ಪಾಪಿ ನಾನೇ. ಅಮೆರಿಕದ ಅಯೋವಾ ರಾಜ್ಯದ ಈ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಚೆ ಹಂಚುತ್ತಿದ್ದೇನೆ. ಹೆಂಡತಿಯೊಬ್ಬಳು ಗಂಡನಿಗೆ, ಅದೂ ಅದೇ ಮನೆಯ ವಿಳಾಸಕ್ಕೆ, ರಿಜಿಸ್ಟರ್ ಪತ್ರ ಹಾಕಿದ್ದನ್ನು ಕಂಡಿರಲಿಲ್ಲ. ಡೆಲ್ಮರ್ ಅದನ್ನು ಜಿಲ್ಲಾ ಇಳುವರಿ ಸ್ಪರ್ಧೆಯ ಬಹುಮಾನ ಪತ್ರವೆಂದುಕೊಂಡು, ಕೈ ತೊಳೆದು ಬಂದು ಸಹಿ ಹಾಕಿದ್ದ. ನಾನು ಆಗಲೇ ಹೊರಟುಬಿಡಬಹುದಿತ್ತು. ಆರ್ಡಿಸ್ ಸೇಬಿನ ಪೈ ಕೊಯ್ದು ಮುಂದಿಟ್ಟಳು, ಕೂತೆ.

ಡೆಲ್ಮರ್: ಯಾಕೆ? ಕಾರಣ ಹೇಳು. ನಾನೇನು ಹೊಲ ಪಾಳು ಬಿಟ್ಟಿದ್ನಾ?

ಆರ್ಡಿಸ್: ಶಾಲೆ. ಬರೋ ವರ್ಷಕ್ಕೆ ನಲವತ್ತು ಮಕ್ಕಳ ಹೆಸರು ಇಲ್ದಿದ್ರೆ ಬಾಗಿಲು ಹಾಕ್ತಾರಂತೆ. ಈಗ ಇರೋದು ಮೂವತ್ತಾರು. ನಾನು ಇಪ್ಪತ್ತೇಳು ವರ್ಷ ಅಡುಗೆ ಮಾಡಿದ ಶಾಲೆ ಅದು. ಗ್ಯಾರಿ ಅಂತ ಒಬ್ಬ ಹುಡುಗ, ಹೆಂಡತಿ ಟೆಸ್, ನಾಲ್ಕು ಮಕ್ಕಳು. ಬೇಸಾಯ ಮಾಡ್ತೀವಿ, ಎಲ್ಲಾದ್ರೂ ಹೊಲ ಕೊಡಿ ಅಂತ ಅಲೀತಿದ್ದಾರೆ. ಅಪ್ಪನ ಹಳೇ ಮನೆಲಿರ್ತಾರೆ, ಆ ಹೊಲ ಮಾಡ್ತಾರೆ.

ಡೆಲ್ಮರ್: ಎಂಬತ್ತೆಕರೆ ಬೇಸಾಯ! ಅದರಲ್ಲಿ ನನ್ನ ಯಂತ್ರ ತಿರುಗ್ಸೋಕೂ ಜಾಗ ಸಾಲಲ್ಲ. ಪ್ರಪಂಚದಲ್ಲಿ ಎಂಟುನೂರು ಕೋಟಿ ಜನ ಇದ್ದಾರೆ ಮಾರಾಯ್ತಿ! ದಿನಾ ಹುಟ್ತಾನೇ ಇದ್ದಾರೆ! ಅವ್ರ ಹೊಟ್ಟೆ ಯಾರು ತುಂಬ್ಸೋದು?

ಆರ್ಡಿಸ್: ಎಂಟುನೂರು ಕೋಟಿ ಇದ್ದಾರೆ, ನಮ್ಮೂರಲ್ಲಿ ಒಂದನೇ ಕ್ಲಾಸಿಗೆ ಇಬ್ಬರು. ಎಲ್ಲಿ ಹುಟ್ತಿದ್ದಾರೋ ಅಲ್ಲಿಗೆ ಹೇಳಿ ನಾಲ್ಕು ಜನಾನ ಈ ಕಡೆ ಕಳಿಸು.

ಡೆಲ್ಮರ್: ನಗಬೇಡ. ನಾನು ಬೆಳೆಯೋ ಮೆಕ್ಕೆಜೋಳ ಜನರ ಅನ್ನ!

ಆರ್ಡಿಸ್: ನಿನ್ನ ಜೋಳ ತಿನ್ನೋದು ಹಂದಿ, ಎಥನಾಲ್ ಮಾಡಿದ್ರೆ ಕುಡಿಯೋದು ಕಾರು. ನಿನ್ನೆ ನಿನ್ನ ತಟ್ಟೇಲಿದ್ದ ಆಲೂಗಡ್ಡೆ ಐಡಾಹೋದ್ದು, ಟೊಮೇಟೊ ಮೆಕ್ಸಿಕೋದ್ದು. ಪ್ರಪಂಚಕ್ಕೆಲ್ಲ ಉಣಿಸೋನು ಊಟಕ್ಕೆ ಅಂಗಡಿಗೆ ಹೋಗ್ತಾನೆ.

ಡೆಲ್ಮರ್ ನನ್ನ ಕಡೆ ನೋಡಿದ. ನಾನು ಪೈ ಕಡೆ ನೋಡಿದೆ.

ಡೆಲ್ಮರ್: ಹಂದೀನ ಜನಾನೇ ತಿಂತಾರೆ. ನಮ್ಮಪ್ಪನ ಕಾಲದಲ್ಲಿ ಎಕರೆಗೆ ಎಷ್ಟು ಬರ್ತಿತ್ತು, ಈಗ ಎಷ್ಟು ಬರತ್ತೆ? ಮೂರು ಪಟ್ಟು! ಇದು ಪ್ರಗತಿ ಅಲ್ವಾ?

ಆರ್ಡಿಸ್: ಪ್ರಗತೀನೇ. ನೀನು ಜಾಸ್ತಿ ಬೆಳ್ದೆ, ಪಕ್ಕದೋನೂ ಜಾಸ್ತಿ ಬೆಳ್ದ, ಬೆಲೆ ಬಿತ್ತು. ಬೆಲೆ ಬಿತ್ತು ಅಂತ ಇಬ್ರೂ ಇನ್ನೂ ಜಾಸ್ತಿ ಬೆಳೆದ್ರಿ. ಕೊನೆಗೆ ಪಕ್ಕದೋನು ಹೊಲ ನಿನಗೇ ಕೊಟ್ಟು ಐದು ಮಕ್ಕಳ ಜೊತೆ ಊರು ಬಿಟ್ಟ. ಆ ಐದು ಹೆಸರು ಇದ್ದಿದ್ರೆ ಇವತ್ತು ನಿನಗೆ ನೋಟೀಸು ಬರ್ತಿರ್ಲಿಲ್ಲ.

ಡೆಲ್ಮರ್ ನೋಟೀಸನ್ನೇ ಮತ್ತೆ ಓದಿದ. ಅದರ ಜೊತೆ ಗ್ಯಾರಿ ಬರೆದುಕೊಟ್ಟಿದ್ದ ಅರ್ಜಿಯೂ ಇತ್ತು. ಓದುತ್ತಾ ಓದುತ್ತಾ ಅವನ ಮುಖ ಅರಳಿತು.

ಡೆಲ್ಮರ್: ಏ ಆರ್ಡಿಸ್, ಈ ನಾಲ್ಕನೇ ಮಗು ವಯಸ್ಸು ನೋಡಿದ್ಯಾ?

ಆರ್ಡಿಸ್: ಯಾಕೆ?

ಡೆಲ್ಮರ್: ಎರಡು ವರ್ಷ. ಇನ್ನೂ ಚಡ್ಡೀಲೇ ಮಾಡ್ಕೊಳ್ಳತ್ತೆ. ಶಾಲೆಗೆ ಸೇರಿಸ್ಕೊಳ್ತಾರಾ? ಮೂವತ್ತಾರು ಮೂರು ಮೂವತ್ತೊಂಬತ್ತು! ಹೊಲಾನೂ ಹೋಯ್ತು, ಶಾಲೇನೂ ಹೋಯ್ತು!

ಆರ್ಡಿಸ್ ಕಾಗದ ಕಿತ್ತುಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು. ಕುರ್ಚಿಯ ಮೇಲೆ ಕುಸಿದಳು. ನನಗೆ ಸಂಕಟವಾಯಿತು. ಡೆಲ್ಮರ್‌ಗೂ ಆಯಿತು. ಅವನದು ಗೆದ್ದವನ ಮುಖವಾಗಿರಲಿಲ್ಲ.

ಡೆಲ್ಮರ್: ಹೋಗ್ಲಿ ಬಿಡೇ... ಒಂದು ಮಗು ತಾನೇ ಕಮ್ಮಿ?

ಆರ್ಡಿಸ್: ಒಂದು ಮಗು ಎಲ್ಲಿಂದ ತರ್ಲಿ? ನಂಗೀಗ ಅರವತ್ತೊಂದು.

ಡೆಲ್ಮರ್ ತಲೆ ಕೆರೆದುಕೊಂಡ. ಕಿಟಕಿಯಾಚೆ ಅವನ ತಗಡಿನ ಕಣಜಗಳು, ಪಕ್ಕದಲ್ಲಿ ಖಾಲಿ ಬಿದ್ದ ಆಳುಮನೆ. ಅದನ್ನು ಕೆಡವಿ ಅಲ್ಲಿ ಇನ್ನೂ ದೊಡ್ಡ ಕಣಜ ನಿಲ್ಲಿಸಬೇಕೆಂದು ಬೇಸಿಗೆಯಿಡೀ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಕೊನೆಗೆ ಫೋನು ಎತ್ತಿ ತನ್ನ ಹೊಲದಾಳಿಗೆ ಕರೆ ಮಾಡಿದ.

ಡೆಲ್ಮರ್: ಹಲೋ, ಆರ್ತುರೋ? ನೀನು ದಿನಾ ನಲವತ್ತು ಮೈಲಿ ಗಾಡಿ ಓಡಿಸ್ಕೊಂಡು ಕೆಲಸಕ್ಕೆ ಬರ್ತೀಯಲ್ಲ, ಬೇಜಾರಾಗಲ್ವಾ? ಇಲ್ಲೇ ಆಳುಮನೆಗೆ ಬಂದುಬಿಡು. ಕೆಡವಲ್ಲ, ಸುಣ್ಣಬಣ್ಣ ಮಾಡಿಸ್ತೀನಿ. ಬಾಡಿಗೆ ಮಾತು ಆಮೇಲೆ. ಮಕ್ಕಳೆಷ್ಟು? ಮೂರಾ? ವಯಸ್ಸು ಹೇಳು. ಆರು... ಎಂಟು... ಹತ್ತು. ಎಲ್ಲಾ ಚಡ್ಡಿ ದಾಟಿದ್ದಾವೆ ತಾನೇ? ಭೇಷ್!

ಫೋನಿಟ್ಟು ಎದೆಯುಬ್ಬಿಸಿ ತಿರುಗಿದ.

ಡೆಲ್ಮರ್: ನಲವತ್ತೆರಡು! ನೀನು ಕೇಳಿದ್ದಕ್ಕಿಂತ ಎರಡು ಜಾಸ್ತಿ. ದೊಡ್ಡ ಕಣಜ ಬಿಟ್ಟೆ ಕಣೇ ನಿನಗೋಸ್ಕರ. ಆ ಎಂಬತ್ತೆಕರೇನೂ ಗ್ಯಾರಿಗೇ ಹೋಗ್ಲಿ. ಈಗ ಸಮಾಧಾನಾನಾ?

ಆರ್ಡಿಸ್ ಎದ್ದು ಬಂದು ಅವನ ಕೆನ್ನೆಗೆ ಮುತ್ತಿಟ್ಟಳು. ನಾನು ಕಣ್ಣೊರೆಸಿಕೊಂಡು ಎದ್ದು ಚೀಲ ಹೆಗಲಿಗೇರಿಸಿದೆ.

ಆರ್ಡಿಸ್: ಮೂವತ್ತಾರು ಇದ್ದದ್ದು ನಲವತ್ತೆರಡಾಯ್ತು. ಒಂದೇ ಸಲಕ್ಕೆ ಇಷ್ಟು ಜನ ಹೆಚ್ಚಿದ್ರೆ ಊಟಕ್ಕೇನು ಮಾಡೋದು? ಶಾಲೆ ಅಡುಗೆಮನೆಗೆ ಆಲೂಗಡ್ಡೆ, ಬೀನ್ಸು ಬೆಳೀಬೇಕು. ಜಮೀನು ಬೇಕು.

ಡೆಲ್ಮರ್: ಯಾವ ಜಮೀನು?

ಆರ್ಡಿಸ್: ಚಿಕ್ಕಮ್ಮ ಬಿಟ್ಟುಹೋದ ನಲವತ್ತೆಕರೆ ಇದೆಯಲ್ಲ, ಹಳ್ಳದ ಪಕ್ಕದ್ದು, ಈಗ ನೀನು ಮಾಡ್ತಿರೋದು. ಅದೂ ನನ್ನ ಹೆಸರಲ್ಲೇ ಇದೆ.

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಆಗಸ್ಟ್ ಇಪ್ಪತ್ತೊಂಬತ್ತು. ಆಮೇಲೆ ನನ್ನ ಕಡೆ ತಿರುಗಿದಳು.

ಆರ್ಡಿಸ್: ಐದು ನಿಮಿಷ ಕೂತ್ಕೋ ಮಾರಾಯ. ಇನ್ನೊಂದು ತುಂಡು ಪೈ ತಿನ್ನು. ಅಷ್ಟರಲ್ಲಿ ಇನ್ನೊಂದು ಕಾಗದ ಬರೆದುಕೊಡ್ತೀನಿ.